ನೇಮವೂ ನೇಗಿಲೂ

ಬಿತ್ತುವವನ ಸಾಮ್ಯವನ್ನು ಕೇಳದ ಕ್ರೈಸ್ತನಿಲ್ಲ. ಕ್ರೈಸ್ತರಲ್ಲದವರಲ್ಲಿಯೂ ಅದನ್ನು ಬಲ್ಲವರು ಹಲವರಿದ್ದಾರೆ. ಬೀಜ ಬಿದ್ದ ನೆಲಗಳು ನಾಲ್ಕು: ತುಳಿದು ಗಟ್ಟಿಯಾದ ದಾರಿ, ಮಣ್ಣು ತೆಳುವಾದ ಬಂಡೆನೆಲ, ಮುಳ್ಳು ಹುದುಗಿರುವ ನೆಲ, ಕೊನೆಯದಾಗಿ ಹದವಾದ ಹೊಲ. ಉಪದೇಶಕರು ಸಾಮಾನ್ಯವಾಗಿ ಮೊದಲಿನ ಎರಡನ್ನು ಖಂಡಿಸಿ, ಕೊನೆಯದನ್ನು ಕೊಂಡಾಡಿ ಮುಗಿಸುವರು. ನನಗಾದರೋ ಮೂರನೆಯ ನೆಲವೇ ಎಲ್ಲಕ್ಕಿಂತ ವಿಚಾರಾರ್ಹವೆಂದು ಬಹುಕಾಲದಿಂದ ತೋರಿದೆ. ದಾರಿಯ ಮೇಲಣ ಬೀಜ ಮೊಳೆಯಲೇ ಇಲ್ಲ. ಬಂಡೆಯ ಮೇಲಿನದು ಮೊಳೆತು ಬಿಸಿಲಿಗೆ ಬಾಡಿತು. ಮುಳ್ಳಿನ ನೆಲದ ಸಂಗತಿ ಬೇರೆ. ಅಲ್ಲಿ ಮಣ್ಣಿನ ಆಳಕ್ಕೂ ಕೊರತೆಯಿಲ್ಲ, ತೇವಕ್ಕೂ ಕೊರತೆಯಿಲ್ಲ. ನೆಲ ಒಳ್ಳೆಯದಾದುದರಿಂದಲೇ ಪೈರಿನೊಡನೆ ಮುಳ್ಳೂ ಹುಲುಸಾಗಿ ಎದ್ದಿತು. ಆ ಮುಳ್ಳಿಗೆ ಮತ್ತಾಯನ ಸುವಾರ್ತೆಯು ಕೊಡುವ ಅರ್ಥ ಸಂಸಾರದ ಚಿಂತೆ ಮತ್ತು ಐಶ್ವರ್ಯದ ಮೋಸ. ಲೂಕನು ಇವುಗಳ ಜೊತೆಗೆ ಭೋಗವನ್ನೂ ಸೇರಿಸುತ್ತಾನೆ. ಇವುಗಳಲ್ಲಿ ಯಾವುದೂ ಹೊರಗಿನಿಂದ ದಂಡೆತ್ತಿ ಬಂದ ಶತ್ರುವಲ್ಲ. ಎಲ್ಲವೂ ಮನೆಯೊಳಗಿನವೇ.

ಯಾದಗಿರಿ, ಶಹಾಪುರ, ಸುರಪುರಗಳ ಒಕ್ಕಲಿಗನಿಗೆ ಈ ಸಾಮ್ಯಕ್ಕೆ ವ್ಯಾಖ್ಯಾನ ಬೇಕಾಗಿಲ್ಲ. ಭೀಮೆಗೂ ಕೃಷ್ಣೆಗೂ ನಡುವಣ ನಮ್ಮ ಕರಿಯ ಮಣ್ಣು ಹಿಂಗಾರಿಯ ಜೋಳವನ್ನು ಒಳಗಿನ ತೇವದಿಂದಲೇ ಸಾಕಿ ಬೆಳೆಸುತ್ತದೆ. ಹಾಗೆಯೇ ಕರಿಕೆಯನ್ನೂ ಜೇಕನ್ನೂ ಸಾಕುತ್ತದೆ. ಬಿತ್ತಿದವನು ಎಡೆಕುಂಟೆಯನ್ನು ಒಂದು ಸಲ ಆಡಿಸಿ ಮನೆಯಲ್ಲಿ ಕುಳಿತರೆ ಕಸವು ಪೈರನ್ನು ಮುಚ್ಚುವುದು. ಮತ್ತೆ ಎಡೆ ಹೊಡೆಯಬೇಕು, ಸಾಲಿನೊಳಗಣ ಕಸವನ್ನು ಕುಡುಗೋಲು ಕುರ್ಚಿಗೆಗಳಿಂದ ಮತ್ತೆ ತೆಗೆಯಬೇಕು. ಹೊಲದಲ್ಲಿ ಕಸ ಕಂಡಿತೆಂದು ನಮ್ಮಲ್ಲಿ ಯಾರೂ ಹೊಲವನ್ನು ಮಾರಿಕೊಂಡು ಹೋಗುವುದಿಲ್ಲ. ಕಸ ಏಳುವುದೇ ಹೊಲದ ಧರ್ಮ, ತೆಗೆಯುವುದೇ ಒಕ್ಕಲುತನದ ಧರ್ಮವೆಂದು ತಿಳಿದು ಕೆಲಸಕ್ಕೆ ಇಳಿಯುತ್ತಾರೆ.

ಇಷ್ಟನ್ನು ಹೇಳುವುದಕ್ಕೆ ಕಾರಣವುಂಟು. ನಮ್ಮ ಕಾಲೇಜಿನಲ್ಲಿ ಎರಡು ವರ್ಷ ಓದಿ, ಮನೆಯ ಸಾಲದ ದೆಸೆಯಿಂದ ಬಿಟ್ಟು, ಬೆಂಗಳೂರಿಗೆ ಗುಳೆ ಹೋದ ಶಹಾಪುರ ತಾಲ್ಲೂಕಿನ ಹುಡುಗನೊಬ್ಬನಿದ್ದಾನೆ. ಕ್ರೈಸ್ತ ಮನೆತನದವನು. ತಂದೆತಾಯಿಗಳೂ ಅವನೊಡನೆ ಕಟ್ಟಡದ ಕೆಲಸದಲ್ಲಿಯೇ ಇದ್ದಾರೆ. ಕೆಲವು ತಿಂಗಳುಗಳ ಹಿಂದೆ ಒಂದು ರಾತ್ರಿ ಅವನು ನನಗೆ ಫೋನು ಮಾಡಿ ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಹೇಳಿದನು: "ಪ್ರಾರ್ಥನಾಕ್ಕ ಕುಂತ್ರ ಸಾಲದ ಲೆಕ್ಕಾನೇ ಕಣ್ಣ ಮುಂದ ಬರ್ತದ್ರಿ ಸರ್. ಮೊಬೈಲ್‌ನ್ಯಾಗ ಸತ್ಯವೇದ ತೆಗದ್ರ ಎರಡು ವಚನ ಓದೂದ್ರಾಗ ಬೆರಳು ಬ್ಯಾರೆ ಕಡಿ ಹೋಗಿರ್ತದ. ಆದಿತ್ಯವಾರ ಸೈತ ಮೇಸ್ತ್ರಿ ಕರೀತಾನ. ನನ್ನ ನಂಬಿಕಿ ಹೋದಂಗ ಏನ್ರಿ?"

ನಂಬಿಕೆ ಹೋದವನಿಗೆ ಈ ಪ್ರಶ್ನೆಯೇ ಏಳುವುದಿಲ್ಲ, ಪೈರು ಇನ್ನೂ ಇದೆ, ಕಸ ಬೆಳೆದಿದೆ ಅಷ್ಟೆ ಎಂದು ನಾನು ಅವನಿಗೆ ಅಂದು ಹೇಳಿದೆನು. ಆದರೆ ಅವನ ಪ್ರಶ್ನೆ ಒಂದು ಸಮಾಧಾನದ ಮಾತಿಗೆ ತೀರುವಂಥದಲ್ಲ. ಅವನೊಬ್ಬನದೂ ಅಲ್ಲ. ನಮ್ಮ ಮೂರು ತಾಲ್ಲೂಕುಗಳಿಂದ ಬೆಂಗಳೂರಿಗೂ ಮುಂಬಯಿಗೂ ಹೋಗಿ ದುಡಿಯುವ ಎಷ್ಟೋ ಮಂದಿಯದು. ಊರಿನಲ್ಲಿಯೇ ಇದ್ದು ನೌಕರಿ, ಮಕ್ಕಳ ಓದು, ಮನೆಯ ಕಂತುಗಳಲ್ಲಿ ಮುಳುಗಿದ ನಮ್ಮಂಥವರದೂ ಹೌದು. ಮನಸ್ಸು ನೂರು ಕಡೆಗೆ ಹರಿಯುವ ಬಾಳಿನಲ್ಲಿ ವಿಶ್ವಾಸವನ್ನು ಒಂದು ಕಡೆಗೆ ನಿಲ್ಲಿಸುವುದು ಹೇಗೆ?

ಇದಕ್ಕೆ ಉತ್ತರವನ್ನು ನಮ್ಮ ಕಡೆಯ ಸಭೆಯ ಹೆಸರಿನಲ್ಲಿಯೇ ಹುಡುಕಬಹುದು. ಬೀದರ, ಕಲಬುರಗಿ, ಯಾದಗಿರಿಗಳ ಸೀಮೆಯಲ್ಲಿ ಕೆಲಸ ಮಾಡಿದವರು ಅಮೆರಿಕದ ಮೆಥೊಡಿಸ್ಟ್ ಮಿಷನ್ನಿನವರು. ಅವರು ಯಾದಗಿರಿಯಲ್ಲಿ ನಡೆಸಿದ ಹೋಲ್‌ಸ್ಟನ್ ಆಸ್ಪತ್ರೆಯ ಹೆಸರನ್ನು ಈ ಕಡೆಯ ಹಿರಿಯರೆಲ್ಲರೂ ಬಲ್ಲರು. ಆ ಹೆಸರು ಅಮೆರಿಕದ ಟೆನೆಸ್ಸೀ ಪ್ರಾಂತದಲ್ಲಿ ಹರಿಯುವ ಒಂದು ಹೊಳೆಯದು. ಹಳೆಯ ಮೈಸೂರಿನ ವೆಸ್ಲಿಯನ್ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ ಕೂಡಿಕೊಂಡುವು. ನಮ್ಮ ಕಡೆಯವು ಬೇರೆಯಾಗಿಯೇ ಉಳಿದು, 1981ರಲ್ಲಿ ಭಾರತದ ಮೆಥೊಡಿಸ್ಟ್ ಸಭೆಯೆಂಬ ಸ್ವತಂತ್ರ ಸಂಸ್ಥೆಯ ಭಾಗವಾದುವು. ಆದರೆ ಮೆಥೊಡಿಸ್ಟ್ ಎಂಬ ಪದದ ಅರ್ಥವನ್ನು ವಿಚಾರಿಸುವವರು ನಮ್ಮಲ್ಲಿ ವಿರಳ.

ಅದು ಮೊದಲು ಗೌರವದ ಹೆಸರಲ್ಲ, ಹಾಸ್ಯದ ಹೆಸರು. 1729ರ ಸುಮಾರಿಗೆ ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿದ್ಯಾಪೀಠದಲ್ಲಿ ಚಾರ್ಲ್ಸ್ ವೆಸ್ಲಿಯೂ ಅವನ ಕೆಲವು ಗೆಳೆಯರೂ ಒಂದು ಪುಟ್ಟ ಕೂಟವನ್ನು ಕಟ್ಟಿಕೊಂಡರು. ಅಣ್ಣನಾದ ಜಾನ್ ವೆಸ್ಲಿಯು ಅದರ ಮುಂದಾಳಾದನು. ಗೊತ್ತಾದ ವೇಳೆಗೆ ಪ್ರಾರ್ಥನೆ, ಗೊತ್ತಾದ ದಿನ ಉಪವಾಸ, ಗೊತ್ತಾದ ದಿನ ಸೆರೆಮನೆಯವರ ಭೇಟಿ. ವಿಲಾಸದಲ್ಲಿ ದಿನ ಕಳೆಯುತ್ತಿದ್ದ ಸಹಪಾಠಿಗಳಿಗೆ ಇದು ನಗೆಗೀಡಾಯಿತು. ಎಲ್ಲವನ್ನೂ ಕ್ರಮ ಹಿಡಿದು ಮಾಡುವವರು ಎಂಬ ಅಣಕದ ಅರ್ಥದಲ್ಲಿ ಅವರನ್ನು ಮೆಥೊಡಿಸ್ಟರೆಂದು ಕರೆದರು. ಕನ್ನಡದಲ್ಲಿ ಹೇಳುವುದಾದರೆ ಅವರು 'ನೇಮದವರು'. ಮೆಥೊಡಿಸ್ಟ್ ಎಂಬ ಪದಕ್ಕೆ ಇದಕ್ಕಿಂತ ಒಪ್ಪುವ ಕನ್ನಡ ಪದ ನನಗೆ ತೋರದು. ಚಂಚಲ ಚಿತ್ತಕ್ಕೆ ಅವರು ಕಂಡುಕೊಂಡ ಮದ್ದು ಆವೇಶವಲ್ಲ, ನೇಮ.

1742ರಲ್ಲಿ ಬ್ರಿಸ್ಟಲ್ ನಗರದಲ್ಲಿ ನಡೆದ ಸಂಗತಿಯೊಂದು ಇದಕ್ಕಿಂತಲೂ ಮನನೀಯವಾದುದು. ಅಲ್ಲಿ ಪ್ರಾರ್ಥನಾಮಂದಿರಕ್ಕಾಗಿ ಮಾಡಿದ ಸಾಲ ತೀರಬೇಕಾಗಿತ್ತು. ಹನ್ನೆರಡು ಮಂದಿಗೆ ಒಬ್ಬನಂತೆ ಮುಖಂಡನನ್ನು ನೇಮಿಸಿ, ಒಬ್ಬೊಬ್ಬರಿಂದಲೂ ವಾರಕ್ಕೆ ಒಂದು ಪೆನ್ನಿಯನ್ನು ಕೂಡಿಸಬೇಕೆಂದು ಗೊತ್ತುಮಾಡಿದರು. ಆ ಮುಖಂಡರು ಕಾಸಿಗಾಗಿ ಮನೆಮನೆಗೆ ಹೋದಾಗ ಅವರ ಕಣ್ಣಿಗೆ ಬಿದ್ದುದು ಬಾಳು: ಒಬ್ಬನು ಕುಡಿತಕ್ಕೆ ಮರಳಿದ್ದಾನೆ, ಒಬ್ಬಳು ಕಾಯಿಲೆ ಬಿದ್ದಿದ್ದಾಳೆ, ಇನ್ನೊಬ್ಬನ ಮನೆಯಲ್ಲಿ ಜಗಳ. ಹೀಗೆ ಸಾಲ ತೀರಿಸಲು ಹುಟ್ಟಿದ ವ್ಯವಸ್ಥೆಯೇ ಒಬ್ಬರ ವಿಶ್ವಾಸವನ್ನು ಇನ್ನೊಬ್ಬರು ವಿಚಾರಿಸಿಕೊಳ್ಳುವ ವ್ಯವಸ್ಥೆಯಾಗಿ ಬೆಳೆಯಿತು. ಆ ಕೂಟಗಳಲ್ಲಿ ಕೈಕೆಲಸದವರೂ ಗಣಿಯ ಕೂಲಿಗಳೂ ಇದ್ದರು. ನನ್ನ ಶಿಷ್ಯನಂತೆಯೇ ಸಾಲದ ಲೆಕ್ಕ ತಲೆಯಲ್ಲಿ ತುಂಬಿದ್ದವರೇ ಅವರು.

ಇದೆಲ್ಲ ಪರದೇಶದ ಮಾತಾಯಿತೆಂದು ವಾಚಕರು ಹೇಳಬಹುದು. ಹಾಗಲ್ಲ. ನೇಮದ ಮರ್ಮವನ್ನು ನಮ್ಮ ನೆಲ ಅವರಿಗಿಂತ ಬಹು ಹಿಂದೆಯೇ ಬಲ್ಲದು. ಆದ್ಯ ವಚನಕಾರರಲ್ಲಿ ಎಣಿಕೆಯಾಗುವ ದೇವರ ದಾಸಿಮಯ್ಯ ಸುರಪುರ ತಾಲ್ಲೂಕಿನ ಮುದನೂರಿನವರು, ವೃತ್ತಿಯಿಂದ ನೇಯ್ಗೆಯವರು. ಕೈ ಮಗ್ಗದ ಮೇಲಿರುವಾಗ ಮನಸ್ಸು ರಾಮನಾಥನಲ್ಲಿ ನಿಲ್ಲಬಲ್ಲದೆಂಬುದಕ್ಕೆ ಅವರ ಬಾಳೇ ಸಾಕ್ಷಿ. ಕೆಂಭಾವಿಯ ಭೋಗಣ್ಣನವರೂ ಇದೇ ಸೀಮೆಯವರು. ಶರಣರ ಷಟ್ಸ್ಥಲ ಸಿದ್ಧಾಂತವು ಭಕ್ತಿಯ ಆರು ಮೆಟ್ಟಿಲುಗಳನ್ನು ಹೇಳುತ್ತದೆ: ಶ್ರದ್ಧೆ, ನಿಷ್ಠೆ, ಅವಧಾನ, ಅನುಭಾವ, ಆನಂದ, ಸಮರಸ. ಇಲ್ಲಿಯ ಅನುಕ್ರಮವನ್ನು ಗಮನಿಸಬೇಕು. ಶ್ರದ್ಧೆ ಹುಟ್ಟಿದ ಕೂಡಲೆ ಆನಂದ ಬರುವುದಿಲ್ಲ. ನಡುವೆ ನಿಷ್ಠೆಯುಂಟು, ಅವಧಾನವುಂಟು. ಅವಧಾನವೆಂದರೆ ಎಚ್ಚರದ ಲಕ್ಷ್ಯ. ಬೇರೆ ಬೇರೆ ಮತಗಳನ್ನು ಕಲಸಿ ಒಂದು ಮಾಡುವ ಉದ್ದೇಶ ನನಗಿಲ್ಲ. ಶಿವಶರಣರ ಇಷ್ಟದೈವ ಬೇರೆ, ಕ್ರೈಸ್ತನ ಕರ್ತನು ಬೇರೆ. ಆದರೆ ಕನ್ನಡದಲ್ಲಿ ಪ್ರಾರ್ಥಿಸುವ ಕ್ರೈಸ್ತನಿಗೆ ಈ ಮೂರು ಪದಗಳು ತನ್ನ ತಾಯಿಯ ಮನೆಯಿಂದಲೇ ಬಂದ ಸ್ವತ್ತು. ಅವುಗಳನ್ನು ಬಳಸಿಕೊಳ್ಳದೆ ಇರುವುದು ಬಡತನವಾದೀತು.

ಇಲ್ಲಿ ಒಂದು ಸಂದೇಹ ಏಳುವುದು ಸಹಜ. ದುಡಿಮೆಯೇ ಭಕ್ತಿಗೆ ಅಡ್ಡಿಯಲ್ಲವೆ? ಮಾರ್ಥಳ ಕಥೆಯನ್ನು ಎಲ್ಲರೂ ಇದಕ್ಕೆ ಉದಾಹರಿಸುತ್ತಾರೆ. ಯೇಸು ಮನೆಗೆ ಬಂದಾಗ ಮರಿಯಳು ಪಾದದ ಬಳಿ ಕುಳಿತು ಕೇಳಿದಳು. ಮಾರ್ಥಳು ಉಪಚಾರದ ಕೆಲಸಗಳಲ್ಲಿ ತೊಡಗಿ, ತಂಗಿಯ ಮೇಲೆ ದೂರು ಹೇಳಿದಳು. ಸುವಾರ್ತೆಯನ್ನು ಸಾವಧಾನವಾಗಿ ಓದಿದರೆ ಕರ್ತನು ಆಕ್ಷೇಪಿಸಿದುದು ಅಡುಗೆಯನ್ನಲ್ಲ, ಹಲವು ಚಿಂತೆಗಳಲ್ಲಿ ಹರಿದುಹೋದ ಆಕೆಯ ಮನಸ್ಸನ್ನು ಎಂಬುದು ತಿಳಿಯುತ್ತದೆ. ಇದರ ಇನ್ನೊಂದು ಮಗ್ಗುಲನ್ನು ನೋಡಬೇಕಾದರೆ ನೆರೆಯ ಲಿಂಗಸುಗೂರು ಕಡೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಮಾರಯ್ಯ ಲಕ್ಕಮ್ಮರನ್ನು ನೆನೆಯಬೇಕು. ಅನುಭಾವದ ಗೋಷ್ಠಿಯಲ್ಲಿ ಮೈಮರೆತ ಗಂಡನಿಗೆ ಕಾಯಕದ ವೇಳೆ ಮೀರಿತೆಂದು ನೆನಪಿಸಿದವಳು ಲಕ್ಕಮ್ಮ. ಅವನು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದವಳೂ ಅವಳೇ. ಮಾರ್ಥಳು ಕೆಲಸದಲ್ಲಿ ಮಾತನ್ನು ಮರೆತಳು. ಮಾರಯ್ಯನು ಮಾತಿನಲ್ಲಿ ಕೆಲಸವನ್ನು ಮರೆತನು. ಇಬ್ಬರಿಗೂ ಬಂದ ತಿದ್ದುಪಡಿ ಒಂದೇ: ಮನಸ್ಸು ಎಲ್ಲಿದೆಯೆಂದು ನೋಡಿಕೊ. ಹಾಗಾದ ಮೇಲೆ ಕಾಯಕವು ಮುಳ್ಳಲ್ಲ. ಅಕ್ಕಿಯ ಆ ಹೆಚ್ಚಿನ ಹಿಡಿ ಮುಳ್ಳು, ನಾಳೆಯನ್ನು ಇಂದೇ ಹೊತ್ತು ತಿರುಗುವ ಚಿಂತೆ ಮುಳ್ಳು.

ನೇಮವೆಂದರೆ ದೊಡ್ಡ ವ್ರತವೆಂದು ಭಾವಿಸಬೇಕಾಗಿಲ್ಲ. ನನ್ನ ಅಜ್ಜಿ ಓದು ಬರಹ ಬಲ್ಲವಳಲ್ಲ. ಹಗಲೆಲ್ಲ ಪರರ ಹೊಲದಲ್ಲಿ ಕೂಲಿ, ಸಂಜೆ ತನ್ನ ಮನೆಯ ಒಲೆ. ನಿಜಾಮರ ಆಳ್ವಿಕೆಯ ಆ ಕಾಲದಲ್ಲಿ ಕಚೇರಿಯ ಭಾಷೆ ಉರ್ದು. ಕೇರಿಯ ಬಡವರಿಗೆ ಕನ್ನಡದ ಪುಸ್ತಕವೊಂದನ್ನು ಗಟ್ಟಿಯಾಗಿ ಓದಿ ಕೇಳಿಸುವವರಿದ್ದರೆ ಅವರು ಸಭೆಯ ಉಪದೇಶಿಯೇ. ಹೊಲದಿಂದ ಜನ ಮರಳಿದ ಮೇಲೆ, ಕಂದೀಲಿನ ಬೆಳಕಿನಲ್ಲಿ ಕೂಟ ಸೇರುತ್ತಿತ್ತಂತೆ. ಅಜ್ಜಿ ಕರ್ತನ ಪ್ರಾರ್ಥನೆಯನ್ನೂ ದಶಾಜ್ಞೆಗಳನ್ನೂ ಕೇಳಿಯೇ ಬಾಯಿಪಾಠ ಮಾಡಿದಳು. ನಸುಕಿನಲ್ಲಿ ಬೀಸಲು ಕುಳಿತಾಗ ಮೊದಲ ಹಿಡಿ ಜೋಳವನ್ನು ದೇವರದೆಂದು ಗಡಿಗೆಯಲ್ಲಿ ಹಾಕಿ, ಸೆರಗನ್ನು ತಲೆಯ ಮೇಲೆಳೆದುಕೊಂಡು ಕರ್ತನ ಪ್ರಾರ್ಥನೆಯನ್ನು ಹೇಳಿ, ಎರಡನೆಯ ಹಿಡಿಯನ್ನು ಕಲ್ಲಿಗೆ ಹಾಕುವಳು. ಪ್ರಾರ್ಥನೆಗೆಂದು ಬೇರೆ ಹೊತ್ತು ಆಕೆಗೆ ಎಂದೂ ಸಿಕ್ಕಲಿಲ್ಲ. ಆದುದರಿಂದ ತಪ್ಪಿಸಲಾಗದ ಕೆಲಸಕ್ಕೇ ಅದನ್ನು ಕಟ್ಟಿಬಿಟ್ಟಳು. ಜಾನ್ ವೆಸ್ಲಿಯ ತಾಯಿ ಸುಸಾನಾ ಹತ್ತೊಂಬತ್ತು ಮಕ್ಕಳನ್ನು ಹೆತ್ತವಳು. ಮನೆಯ ಗದ್ದಲದ ನಡುವೆ ಅಡುಗೆಯ ಮುಂಬಟ್ಟೆಯನ್ನು ತಲೆಯ ಮೇಲೆ ಮುಚ್ಚಿಕೊಂಡು ಪ್ರಾರ್ಥಿಸುತ್ತಿದ್ದಳೆಂದೂ ಆಗ ಮಕ್ಕಳು ಆಕೆಯನ್ನು ಕರೆಯುತ್ತಿರಲಿಲ್ಲವೆಂದೂ ಹೇಳಿಕೆಯುಂಟು. ಸುಸಾನಳ ಹೆಸರನ್ನೇ ಕೇಳದ ನನ್ನ ಅಜ್ಜಿ ತನ್ನ ಸೆರಗಿನಿಂದ ಅದನ್ನೇ ಸಾಧಿಸಿದಳು.

ಆ ಕಾಲದ ಮುಳ್ಳು ಹಸಿವು. ಇಂದಿನ ಮುಳ್ಳಿನ ರೂಪ ಬೇರೆಯಾಗಿದೆ. ನಾರಾಯಣಪುರದ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸುರಪುರ ಶಹಾಪುರಗಳ ಎಷ್ಟೋ ಹೊಲಗಳಲ್ಲಿ ಜೋಳ ಹೋಗಿ ಭತ್ತ ಬಂದಿತು. ನೀರು ಬಂದಲ್ಲಿ ಬೆಳೆಯಂತೆ ಕಸವೂ ಇಮ್ಮಡಿಯಾಗುವುದನ್ನು ಒಕ್ಕಲಿಗರು ಕಂಡಿದ್ದಾರೆ. ಕೈಯಲ್ಲಿ ನಾಲ್ಕು ಕಾಸು ಬಂದ ಮನೆಗಳಲ್ಲಿ ಪ್ರಾರ್ಥನೆ ಮೊದಲು ಮೊಟಕಾಗಿ, ಆಮೇಲೆ ಹಬ್ಬಕ್ಕೆ ಮೀಸಲಾಗಿ, ಕೊನೆಗೆ ಗೋಡೆಯ ಮೇಲಣ ವಾಕ್ಯಪಟದಲ್ಲಿ ಮಾತ್ರ ಉಳಿಯುವುದನ್ನು ನಾನು ಕಂಡಿದ್ದೇನೆ. ಮೊಬೈಲನ್ನು ಬೈಯುವುದು ಸುಲಭ. ಸತ್ಯವೇದವೂ ಅದರಲ್ಲಿಯೇ ಇದೆ, ಮನಸ್ಸನ್ನು ಎಳೆದೊಯ್ಯುವ ನೂರು ಆಟಗಳೂ ಅದರಲ್ಲಿಯೇ ಇವೆ. ಒಂದೇ ನೆಲದಲ್ಲಿ ಪೈರೂ ಕಸವೂ ಎದ್ದಂತೆ. ಅದನ್ನು ಬಿಸಾಡಿದರೆ ಗುಳೆ ಹೋದವನಿಗೆ ಊರಿನ ಸಂಪರ್ಕವೇ ತಪ್ಪೀತು. ಅಚ್ಚಾದ ಹೊಸ ಒಡಂಬಡಿಕೆಯ ಪುಟ್ಟ ಪುಸ್ತಕವೊಂದನ್ನು ಊಟದ ಡಬ್ಬಿಯ ಚೀಲದಲ್ಲಿಟ್ಟುಕೊಂಡು, ಡಬ್ಬಿ ತೆರೆಯುವ ಮೊದಲು ಐದು ವಚನಗಳನ್ನು ಓದು ಎಂದು ನನ್ನ ಶಿಷ್ಯನಿಗೆ ಹೇಳಿದೆನು. ಊಟವನ್ನು ಯಾವ ಮೇಸ್ತ್ರಿಯೂ ತಪ್ಪಿಸಲಾರನು.

ಈ ಬಗೆಯ ನೇಮವು ಜಡವಾದ ರೂಢಿಯಾಗದೆ? ಆಗಬಹುದು. ತುಟಿ ಆಡುತ್ತ ಮನಸ್ಸು ಸಂತೆಯಲ್ಲಿ ತಿರುಗುವ ಭಕ್ತಿಯನ್ನು ಪ್ರವಾದಿಗಳೂ ಬಿಡಲಿಲ್ಲ, ವಚನಕಾರರೂ ಬಿಡಲಿಲ್ಲ. ಸ್ವತಃ ಜಾನ್ ವೆಸ್ಲಿಗೆ ಈ ಅನುಭವವುಂಟು. ಆಕ್ಸ್‌ಫರ್ಡಿನಲ್ಲಿ ಇಷ್ಟು ನೇಮದಿಂದ ನಡೆದ ಅವನಿಗೆ ಒಳಗಿನ ನೆಮ್ಮದಿ ದೊರಕಿದುದು 1738ರ ಮೇ 24ರ ಸಂಜೆ, ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟದಲ್ಲಿ. ಮನಸ್ಸಿಲ್ಲದ ಮನಸ್ಸಿನಿಂದ ಅಲ್ಲಿಗೆ ಹೋಗಿದ್ದವನ ಹೃದಯಕ್ಕೆ ಅಂದು ಬಿಸಿ ತಾಕಿತೆಂದು ಅವನೇ ಬರೆದಿಟ್ಟಿದ್ದಾನೆ. ನೇಮವು ಆ ಬಿಸಿಯನ್ನು ಹುಟ್ಟಿಸಲಿಲ್ಲ. ಆದರೆ ಬಿಸಿ ತಾಕಿದ ಮೇಲೆ ವೆಸ್ಲಿ ನೇಮವನ್ನು ಬಿಡಲೂ ಇಲ್ಲ; ನಾಲ್ಕು ವರ್ಷಗಳ ತರುವಾಯ ಬ್ರಿಸ್ಟಲಿನ ಕೂಟಗಳನ್ನು ಕಟ್ಟಿದವನು ಅವನೇ. ನಮ್ಮ ಹೊಲಗಳಲ್ಲಿ ಒಡ್ಡು ಹಾಕುವವರು ಇದನ್ನು ಬಲ್ಲರು. ಒಡ್ಡು ಮಳೆಯನ್ನು ತರಲಾರದು. ಬಂದ ಮಳೆಯನ್ನು ಹೊಲದಲ್ಲಿ ನಿಲ್ಲಿಸಬಲ್ಲದು. ಒಡ್ಡಿಲ್ಲದ ಇಳಿಜಾರಿನಲ್ಲಿ ಎಂಥ ದೊಡ್ಡ ಮಳೆಯೂ ಮಣ್ಣನ್ನು ಕೊಚ್ಚಿಕೊಂಡು ಹಳ್ಳ ಸೇರುವುದು.

ದೊಡ್ಡ ಮಳೆಯೆಂದಾಗ ನಮ್ಮವರ ಜಾತ್ರೆಗಳು ನೆನಪಾಗುತ್ತವೆ. ತೆಲಂಗಾಣದ ವಿಕಾರಾಬಾದಿನ ಹತ್ತಿರದ ಧಾರೂರಿನಲ್ಲಿ ವರ್ಷಕ್ಕೊಮ್ಮೆ ನವೆಂಬರಿನಲ್ಲಿ ಮೆಥೊಡಿಸ್ಟ್ ಕ್ರೈಸ್ತರ ಜಾತ್ರೆ ಕೂಡುತ್ತದೆ; ಗಡಿಯ ಈಚೆಯ ಕನ್ನಡಿಗರೂ ಅಲ್ಲಿಗೆ ಹೋಗುವುದುಂಟು. ಬಯಲಿನಲ್ಲಿ ಬಿಡಾರ, ಹಗಲಿರುಳು ಹಾಡು, ಉಪದೇಶ. ಅಲ್ಲಿ ನೆನೆದ ಮನಸ್ಸು ಮರಳುವಾಗ ಹಗುರವಾಗಿರುತ್ತದೆ. ಆದರೆ ಜಾತ್ರೆ ವರ್ಷಕ್ಕೆ ಕೆಲವು ದಿನ. ಕಸಕ್ಕೆ ಉಳಿದ ದಿನಗಳೆಲ್ಲವೂ ಉಂಟು. ವಾರದ ಎಡೆಯನ್ನು ಹೊಡೆಯದವನಿಗೆ ಜಾತ್ರೆಯ ಮಳೆ ಹೆಚ್ಚು ಕಾಲ ನಿಲ್ಲದು.

ಲೂಕನ ಸುವಾರ್ತೆಯಲ್ಲಿ ನೇಗಿಲಿಗೆ ಕೈಯಿಟ್ಟು ಹಿಂದಕ್ಕೆ ನೋಡುವವನ ಮಾತು ಬರುತ್ತದೆ. ಬಿತ್ತುವ ಹೊತ್ತಿನಲ್ಲಿ ನಮ್ಮ ಹೊಲಗಳನ್ನು ನೋಡಿದವರಿಗೆ ಅದು ಚೆನ್ನಾಗಿ ತಿಳಿದೀತು. ಕೂರಿಗೆಯ ಎತ್ತುಗಳನ್ನು ಒಬ್ಬನು ಹೊಡೆಯುತ್ತಾನೆ. ಉಡಿಯಲ್ಲಿ ಬೀಜ ಕಟ್ಟಿಕೊಂಡ ಹೆಂಗಸು ಬಟ್ಟಲಿಗೆ ಕಾಳು ಬಿಡುತ್ತ ಹಿಂದೆ ನಡೆಯುತ್ತಾಳೆ. ಹೊಡೆಯುವವನ ಕಣ್ಣು ಅತ್ತಿತ್ತ ಹೋದರೆ ಸಾಲು ಸೊಟ್ಟಾಗುವುದು. ಬಿಡುವವಳ ಮನಸ್ಸು ಅತ್ತಿತ್ತ ಹೋದರೆ ಒಂದೆಡೆ ದಟ್ಟ, ಒಂದೆಡೆ ಬಯಲು. ಇಂದು ಟ್ರ್ಯಾಕ್ಟರು ಬಂದು ಎತ್ತುಗಳು ಕಡಿಮೆಯಾಗಿವೆ, ನಿಜ. ಆದರೂ ಸಾಲು ಸೊಟ್ಟಾಯಿತೆಂದು ನಡುಹೊಲದಲ್ಲಿ ಬಿತ್ತನೆ ಬಿಟ್ಟು ಮನೆಗೆ ಹೋದವನನ್ನು ನಾನು ಕಂಡಿಲ್ಲ. ಮುಂದಿನ ಸಾಲನ್ನು ನೆಟ್ಟಗೆ ಹಿಡಿಯುತ್ತಾರೆ. ಪ್ರಾರ್ಥನೆಯ ನಡುವೆ ಸಾಲದ ಲೆಕ್ಕ ನುಗ್ಗಿದವನು ಮಾಡಬೇಕಾದುದೂ ಇಷ್ಟೇ. ಆ ಲೆಕ್ಕವನ್ನೂ ದೇವರ ಮುಂದಿಟ್ಟು, ನಿಂತ ಮಾತಿನಿಂದ ಮತ್ತೆ ಆರಂಭಿಸುವುದು.

ಒಬ್ಬಂಟಿಗನಿಗೆ ಇದು ಕಷ್ಟವೆಂಬುದನ್ನು ನಾನು ಬಲ್ಲೆನು. ಕೂರಿಗೆಗೂ ಇಬ್ಬರು ಬೇಕು. ನನ್ನ ಶಿಷ್ಯನಿಗೆ ಅದೇ ಕಟ್ಟಡದಲ್ಲಿ ದುಡಿಯುವ ಸುರಪುರದ ಕಡೆಯ ಮೂವರು ಸಿಕ್ಕಿದ್ದಾರೆ. ರಾತ್ರಿ ರೊಟ್ಟಿ ಬಡಿಯುವ ಮೊದಲು ತಗಡಿನ ಗುಡಿಸಲಿನ ಮುಂದೆ ಕಾಲುಗಂಟೆ ಕೂಡುತ್ತಾರಂತೆ; ಕೆಲವು ರಾತ್ರಿ ದಣಿವಿನಿಂದ ಅದೂ ಆಗುವುದಿಲ್ಲವಂತೆ. ಬೆಂಗಳೂರಿನಲ್ಲಿ ಕನ್ನಡದ ದೇವಾಲಯಗಳು ಬೇಕಾದಷ್ಟಿವೆ. ನಮ್ಮ ಕಡೆಯಿಂದ ಗುಳೆ ಬಂದವರು ಭಾನುವಾರ ಅಲ್ಲಿಗೆ ಬರಲಾರರಾದರೆ, ಅಲ್ಲಿಯವರು ವಾರಕ್ಕೊಂದು ಸಂಜೆ ಆ ಗುಡಿಸಲುಗಳಿಗೆ ಹೋಗಬಹುದಲ್ಲವೆ? ಹನ್ನೆರಡು ಮಂದಿಗೆ ಒಬ್ಬ ಮುಖಂಡ ಸಾಕು. ಊರಿನ ಸಭೆಗಳೂ ಗುಳೆ ಹೋಗುವವರ ಹೆಸರು, ಹೋಗುವ ಸ್ಥಳಗಳನ್ನು ಬರೆದಿಟ್ಟುಕೊಂಡು ಅಲ್ಲಿಯವರಿಗೆ ತಿಳಿಸಿದರೆ ಈ ಕೆಲಸ ಇನ್ನೂ ಸುಲಭವಾದೀತು. ಹಿಂಗಾರಿಯ ಬಿತ್ತನೆ ಮುಗಿದ ಮೇಲೆ ಮತ್ತೆ ಬಸ್ಸುಗಳು ತುಂಬಿ ಹೊರಡುತ್ತವೆ. ಅಷ್ಟರೊಳಗೆ ಇದನ್ನು ಮಾಡಬೇಕು.